ಬೂದಿಯ ಮೇಲಿನ ಬಟ್ಟಲು

ಆ ಮನೆಯಲ್ಲಿ ಸೌಟು ಹಿಡಿಯುವ ಕೈ ಒಂದೇ. ಅಡುಗೆ ಯಾರೇ ಮಾಡಲಿ, ಒಲೆ ಯಾರೇ ಊದಲಿ, ಬಡಿಸುವುದು ಮಾತ್ರ ಅವಳೇ. ಯಾರ ಹೊಟ್ಟೆ ಎಷ್ಟು ಹಿಡಿಯುತ್ತದೆ, ಯಾರು ಸುಳ್ಳೇ ಸಾಕು ಅನ್ನುತ್ತಾರೆ, ಯಾರು ನಾಚಿಕೆ ಬಿಟ್ಟು ಇನ್ನೊಂದು ಸಲ ಕೇಳುತ್ತಾರೆ ಎಂಬುದೆಲ್ಲ ಮೂವತ್ತು ವರ್ಷದಿಂದ ಅವಳ ಮಣಿಕಟ್ಟಿಗೆ ಗೊತ್ತು. ಊರವರು ಅವಳ ಹೆಸರನ್ನೇ ಮರೆತು ಸೌಟಮ್ಮ ಎಂದು ಕರೆದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. ಬೀದಿಯ ಯಾವ ಕೂಸಿಗೆ ಹೊಟ್ಟೆ ನೊಂದರೂ, ಹಲ್ಲು ಬರುವಾಗ ಮೈ ಕಾದರೂ, ತಾಯಂದಿರು ಮೊದಲು ಬರುತ್ತಿದ್ದುದು ಅವಳ ಬಾಗಿಲಿಗೆ.

ಅಂಥವಳ ಮನೆಯ ಕೂಸಿನ ತೂಕವೇ ತಕ್ಕಡಿಯಲ್ಲಿ ಮೇಲೇಳಲೊಲ್ಲದು.

ಹದಿನೈದು ದಿನಕ್ಕೊಮ್ಮೆ ನರ್ಸಮ್ಮ ಬಂದು ಶಾಲೆಯ ಜಗುಲಿಯ ತೊಲೆಗೆ ತಕ್ಕಡಿ ತೂಗುಹಾಕಿ, ಅದರ ಕೊಕ್ಕೆಗೆ ಬಟ್ಟೆಯ ಜೋಲಿ ಕಟ್ಟಿ, ಊರಿನ ಕೂಸುಗಳನ್ನು ಒಂದೊಂದಾಗಿ ತೂಗುತ್ತಿದ್ದಳು. ಸೌಟಮ್ಮನ ಮೊಮ್ಮಗಳು ಗುಬ್ಬಿಗೆ ಒಂದೂವರೆ ವರ್ಷ. ಜೋಲಿಯಲ್ಲಿ ಕೂತು ಅಳುವುದಕ್ಕೂ ಅದಕ್ಕೆ ಶಕ್ತಿ ಸಾಲದು. ಸುಮ್ಮನೆ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು.

"ಏಳು ಕಿಲೋ," ಎಂದಳು ನರ್ಸಮ್ಮ. ಮುಳ್ಳು ನಿಲ್ಲಲೆಂದು ಇನ್ನೊಂದು ಗಳಿಗೆ ಕಾದು ಮತ್ತೆ ನೋಡಿದಳು. "ಏಳೇ. ಹೋದ ಸಲ ಇನ್ನೂ ನೂರು ಗ್ರಾಂ ಜಾಸ್ತಿ ಇತ್ತು."

"ಹೋದ ಸಲ ಮೈಮೇಲೆ ಅಂಗಿ ಇತ್ತೇನೋ," ಎಂದಳು ಸೌಟಮ್ಮ.

"ಹೋದ ಸಲಾನೂ ಅಂಗಿ ಬಿಚ್ಚಿಸಿದ್ದೆ ಅಜ್ಜಿ. ಶೀತ ಆಗುತ್ತೆ ಅಂತ ನೀವು ಆಗಲೂ ಜಗಳ ಆಡಿದ್ರಿ."

ಸುತ್ತ ಕೂತಿದ್ದ ತಾಯಂದಿರು ನಕ್ಕರು. ಸೌಟಮ್ಮನ ಸೊಸೆ, ಗುಬ್ಬಿಯ ತಾಯಿ, ನಗಲಿಲ್ಲ. ಅವಳು ಗುಬ್ಬಿಯ ಚೀಟಿಯನ್ನೇ ನೋಡುತ್ತಿದ್ದಳು. ಅದರಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟೆ. ಗುಬ್ಬಿಯ ಚುಕ್ಕೆ ಕೆಂಪಿನೊಳಗೆ ಇನ್ನೂ ಕೆಳಕ್ಕೆ ಇಳಿದಿತ್ತು.

"ಏನು ತಿನ್ನಿಸ್ತಿದ್ದೀಯಮ್ಮ?" ನರ್ಸಮ್ಮ ಸೊಸೆಯನ್ನು ಕೇಳಿದಳು.

ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಉತ್ತರ ಕೊಟ್ಟಾಗಿತ್ತು. "ನೀವು ಹೇಳಿದ್ದೇ. ಗಂಜಿ, ಅದರೊಳಗೆ ಸೊಪ್ಪು, ದಿನಕ್ಕೊಂದು ಮೊಟ್ಟೆ. ಮಾರೋ ಮೊಟ್ಟೆ ಅದು, ಕೂಸಿಗೆ ಹಾಕ್ತಿದ್ದೀವಿ. ತಿಂದಿದ್ದೆಲ್ಲ ಕೆಳಗೆ ಹೋಗ್ತಿದೆ."

"ಭೇದೀನಾ? ಎಷ್ಟು ದಿನದಿಂದ?"

"ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ," ಎಂದಳು ಸೊಸೆ. "ಒಂದು ತಿಂಗಳಾಯ್ತು."

ನರ್ಸಮ್ಮ ಭೇದಿಗೆಂದು ಉಪ್ಪು-ಸಕ್ಕರೆ ಪುಡಿಯ ಒಂದು ಪೊಟ್ಟಣ ಕೊಟ್ಟಳು; ಅದನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ ಕುಡಿಸಬೇಕು. ಕೈ ಸೋಪು ಹಾಕಿ ತೊಳೆಯಬೇಕು. ಗಂಜಿ ಚಮಚದಿಂದ ಜಾರದಷ್ಟು ಗಟ್ಟಿ ಇರಬೇಕು. ಕೊನೆಗೆ ದನಿ ತಗ್ಗಿಸಿ ಹೇಳಿದಳು: "ಮುಂದಿನ ಸಲವೂ ಇಳಿದರೆ ಪೇಟೆ ಆಸ್ಪತ್ರೆಗೆ ಸೇರಿಸಲೇಬೇಕು. ಹದಿನೈದು ದಿನವೋ ತಿಂಗಳೋ, ತಾಯಿ ಜೊತೆಗಿರಬೇಕು. ಈ ತೂಕದಲ್ಲಿ ಒಂದು ಜ್ವರ ಬಂದರೂ ಕೂಸು ತಡೆಯಲ್ಲ."

ಮನೆಗೆ ಬರುವ ದಾರಿಯಲ್ಲಿ ದರ್ಜಿಯ ಹೆಂಡತಿ ತನ್ನ ಮಗನನ್ನು ಎತ್ತಿಕೊಂಡು ಜೊತೆಯಾದಳು. ಅವಳ ಮಗ ಗುಂಡ. ಹೆಸರಿಗೆ ತಕ್ಕ ಮೈ, ತೊಡೆಯಲ್ಲಿ ಮೂರು ಮಡಿಕೆ.

"ದೊಡ್ಡಮ್ಮ, ಮಧ್ಯಾಹ್ನಕ್ಕೆ ಮತ್ತೆ ಒಲೆ ಹಚ್ಚೋದು ದೊಡ್ಡ ಕೆಲಸ ಆಗಿದೆ. ತಣ್ಣಗಿನ ಗಂಜಿ ಇವನು ಮೂಸಿಯೂ ನೋಡಲ್ಲ. ನೀವು ಹೇಗೆ ಮಾಡ್ತೀರಿ?"

"ಒಲೆ ಯಾಕೆ ಹಚ್ತೀಯ?" ಎಂದಳು ಸೌಟಮ್ಮ. ಜಗುಲಿಯ ಅವಮಾನದ ನಂತರ ಯಾರೋ ಸಲಹೆ ಕೇಳಿದ್ದು ಅವಳಿಗೆ ಹಿತವಾಗಿತ್ತು. "ಬೆಳಿಗ್ಗೆಯ ಗಂಜಿಯಲ್ಲಿ ಅರ್ಧ ತಿನ್ನಿಸು. ಉಳಿದರ್ಧ ಬಟ್ಟಲಲ್ಲಿ ಮುಚ್ಚಿ ಒಲೆಯ ಪಕ್ಕದ ಬಿಸಿ ಬೂದಿ ಮೇಲೆ ಇಡು. ಮೂರು ಗಂಟೆಗೆ ತೆಗೆದರೂ ಎದೆಹಾಲಿನಷ್ಟು ಬೆಚ್ಚಗಿರುತ್ತೆ. ಗಟ್ಟಿಯಾಗಿದ್ದರೆ ಒಂದಿಷ್ಟು ನೀರು ಬೆರೆಸು."

"ನೋಡಿ, ಇದು ನನ್ನ ತಲೆಗೆ ಹೊಳೀಲೇ ಇಲ್ಲ."

"ತಲೆ ಹೊಲಿಗೆ ಮಿಷನ್ನಿಗೆ ಕೊಟ್ಟುಬಿಟ್ಟಿದ್ದೀಯ, ಎಲ್ಲಿ ಹೊಳೆಯುತ್ತೆ," ಎಂದಳು ಸೌಟಮ್ಮ. ಇಬ್ಬರೂ ನಕ್ಕರು.

ಸಂಜೆ ಊಟದ ಹೊತ್ತಿಗೆ ಮನೆಯಲ್ಲಿ ನಗು ಉಳಿದಿರಲಿಲ್ಲ.

ಕೊಟ್ಟಿಗೆಯ ಹಿಂದೆ ನಾಲ್ಕು ಮಾರು ಅಗಲದ ಜಾಗವಿತ್ತು. ಅಲ್ಲಿ ಮೊದಲು ಹಸುವಿಗೆ ಹುಲ್ಲು ಬೆಳೆಯುತ್ತಿದ್ದರು. ಎರಡು ತಿಂಗಳ ಹಿಂದೆ ಸೊಸೆ ಹಟ ಹಿಡಿದು ಹುಲ್ಲು ಕೀಳಿಸಿ, ಸೊಪ್ಪಿನ ಪಾತಿ ಮಾಡಿ, ಬೇಲಿಗೆ ಅವರೆ ಹಬ್ಬಿಸಿದ್ದಳು. ಅಡುಗೆಮನೆಗೆ ನುಗ್ಗದ ಹಾಗೆ ಕೋಳಿಗಳಿಗೆ ಬಿದಿರಿನ ಗೂಡನ್ನೂ ಕಟ್ಟಿದ್ದಳು. ಗೊಬ್ಬರ ಹೊತ್ತಿದ್ದು, ನೀರು ಹೊತ್ತಿದ್ದು ಎಲ್ಲ ಅವಳೇ, ಊರವರ ಹೊಲದಲ್ಲಿ ಕಳೆ ಕಿತ್ತು ಬಂದ ಮೇಲೆ. ಹುಲ್ಲು ಹೋಗಿ ಹಸುವಿನ ಹಾಲು ದಿನಕ್ಕೆ ಒಂದು ಲೀಟರ್ ಇಳಿದಿದ್ದನ್ನು ಮಾವ ಒಂದು ದಿನವೂ ಮರೆತಿರಲಿಲ್ಲ.

"ಹಸು ಬಡವಾಯ್ತು, ಕೂಸೂ ದಪ್ಪ ಆಗಲಿಲ್ಲ," ಎಂದ ಮುದುಕ, ತಟ್ಟೆಯ ಮುಂದೆ ಕೂತು. "ಎರಡೂ ದಂಡ."

"ಮಾವ, ಭೇದಿ ಸೊಪ್ಪಿನಿಂದ ಅಲ್ಲ. ಮೂರು ನೀರಲ್ಲಿ ತೊಳೀತೀನಿ."

"ಮತ್ತೆ ಇನ್ಯಾತರಿಂದ? ಸೊಪ್ಪು ಬರೋಕೆ ಮುಂಚೆ ಭೇದಿ ಇತ್ತಾ?"

ಸೊಸೆಗೂ ಗೊತ್ತಿತ್ತು, ಇರಲಿಲ್ಲ. ಸೊಪ್ಪು, ಮೊಟ್ಟೆ, ಎರಡು ಹೊತ್ತಿನ ಹೆಚ್ಚುವರಿ ಗಂಜಿ, ಎಲ್ಲ ಶುರುವಾದದ್ದು ಒಟ್ಟಿಗೇ.

ಮಗ ಗಾರೆ ಕೆಲಸ ಮುಗಿಸಿ ಬಂದಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು. ಯಾರ ಪರ ಮಾತಾಡಿದರೂ ಇನ್ನೊಬ್ಬರ ಮುಖ ಊದುತ್ತದೆ ಎಂದು ಅವನಿಗೆ ಗೊತ್ತು. ತುತ್ತು ನುಂಗುತ್ತ ಕೇಳಿದ: "ಅಮ್ಮ, ನೀನೇನಂತೀಯ?"

ಇಡೀ ದಿನ ಕೂಸಿನ ಜೊತೆ ಇರುವವಳು ಅವಳೇ. ಸೊಸೆ ಏಳಕ್ಕೆ ಕಳೆ ಕೀಳುವ ಗುಂಪಿನ ಜೊತೆ ಹೊರಟರೆ ಬರುವುದು ಐದಕ್ಕೆ.

"ಸಣ್ಣ ಕೂಸು," ಎಂದಳು ಸೌಟಮ್ಮ. "ನಾರಿನ ಸೊಪ್ಪು, ಉಷ್ಣದ ಮೊಟ್ಟೆ. ಹೊಟ್ಟೆಗೆ ಹಿಡಿಸ್ತಿಲ್ಲ ಅನ್ಸುತ್ತೆ. ನಾನೂ ನಾಲ್ಕು ಹೆತ್ತಿದ್ದೀನಿ, ಯಾರಿಗೂ ಸೊಪ್ಪು ಅರೆದು ಕೊಟ್ಟವಳಲ್ಲ."

"ನಾಲ್ಕರಲ್ಲಿ ಉಳಿದಿದ್ದು ಎರಡು ಅತ್ತೆ," ಎಂದಳು ಸೊಸೆ.

ಮಗ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕೂತ. ಸೌಟಮ್ಮ ಮುಂದೆ ಬಾಗಿ ಮುದುಕನ ತಟ್ಟೆಗೆ ಅವನು ಕೇಳದಿದ್ದರೂ ಒಂದು ಸೌಟು ಸಾರು ಹಾಕಿದಳು.

"ಬಾಯಿ ನೋಡು ಇವಳದು," ಎಂದ ಮುದುಕ. "ಒಂದು ವಾರ ಸೊಪ್ಪು ಬೇಡ, ಮೊಟ್ಟೆ ಬೇಡ. ಕೂಸು ಸರಿಹೋದರೆ ಪಾತಿ ಕಿತ್ತು ಹುಲ್ಲು ಹಾಕೋದು. ಸರಿಹೋಗಲಿಲ್ಲ ಅಂದರೆ ನಾನು ಇನ್ನು ಮಾತಾಡಲ್ಲ."

"ಆಗಲಿ," ಎಂದಳು ಸೊಸೆ. ಅಷ್ಟು ಬೇಗ ಒಪ್ಪಿಕೊಂಡದ್ದು ಕಂಡು ಎಲ್ಲರಿಗೂ ಆಶ್ಚರ್ಯ. ಅವಳು ಗುಬ್ಬಿಯನ್ನು ಎತ್ತಿಕೊಂಡು ಒಳಗೆ ಹೋದಳು. ಆ ಹೊತ್ತು ಉಣ್ಣಲಿಲ್ಲ.

ಎರಡು ದಿನ ಸೊಪ್ಪಿಲ್ಲದ, ಮೊಟ್ಟೆಯಿಲ್ಲದ ಬರೀ ಗಂಜಿ ನಡೆಯಿತು. ಭೇದಿ ನಿಲ್ಲಲಿಲ್ಲ. "ಒಳಗಿರೋ ಹಳೇದು ಹೋಗಬೇಕಲ್ಲ," ಎಂದ ಮುದುಕ.

ಎರಡನೇ ದಿನ ಮಧ್ಯಾಹ್ನ ಮೂರಕ್ಕೆ ಸೌಟಮ್ಮ ಬೂದಿಯ ಮೇಲಿನಿಂದ ಬಟ್ಟಲು ತೆಗೆದಳು. ಬಿಂದಿಗೆಯಿಂದ ಇಷ್ಟು ನೀರು ಬೆರೆಸಿ ತೆಳ್ಳಗೆ ಮಾಡಿ, ತುದಿಬೆರಳಿನಲ್ಲಿ ಬಿಸಿ ನೋಡಿ, ಕೂಸಿನ ಬಾಯಿಗಿಟ್ಟಳು. ಗುಬ್ಬಿ ತುಟಿ ಬಿಗಿಹಿಡಿಯಿತು. ಮೂಗು ಹಿಡಿದರೂ ಇಲ್ಲ, ಕಾಗೆ ತೋರಿಸಿದರೂ ಇಲ್ಲ. ಒಳಗೆ ಹೋದ ಒಂದು ಗುಟುಕನ್ನೂ ಉಗುಳಿತು.

ಆ ಮನೆಯಲ್ಲಿ ಅನ್ನ ಎಸೆದ ದಾಖಲೆಯಿಲ್ಲ. ಸೌಟಮ್ಮ ಬಟ್ಟಲೆತ್ತಿ ತಾನೇ ಕುಡಿದಳು. ನಾಲಿಗೆಯ ಕೊನೆಯಲ್ಲಿ ಏನೋ ಒಂಚೂರು ಹುಳಿ. ನಿನ್ನೆ ತಿಂದ ಉಪ್ಪಿನಕಾಯಿಯದಿರಬೇಕು ಎಂದುಕೊಂಡಳು.

ಮರುದಿನ ಬೆಳಕು ಹರಿಯುವ ಮೊದಲೇ ಅವಳು ಚೊಂಬು ಹಿಡಿದು ಹಿತ್ತಲಿಗೆ ಓಡಿದಳು. ಮತ್ತೆ ಓಡಿದಳು. ಎಂಟು ಗಂಟೆಯ ಹೊತ್ತಿಗೆ ಓಡುವ ಶಕ್ತಿಯೂ ಉಳಿಯದೆ ಗೋಡೆ ಹಿಡಿದು ನಡೆದಳು.

"ಏನಾಯ್ತೇ ನಿನಗೆ? ಕೂಸಿನ ಕಾಯಿಲೆ ಅಂಟಿತಾ?" ಮುದುಕ ಜಗುಲಿಯಿಂದ ಕೂಗಿದ.

"ನೀವು ಸುಮ್ಮನೆ ಹಾಲು ಕರೀರಿ."

ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕಂಬಕ್ಕೆ ಒರಗಿದಾಗ ಸೌಟಮ್ಮನ ತಲೆ ತಾನಾಗಿ ಕೆಲಸ ಶುರುಮಾಡಿತು. ನಿನ್ನೆ ನಾಲ್ವರೂ ಉಂಡದ್ದು ಒಂದೇ ಅಡುಗೆ, ಬಡಿಸಿದ್ದು ತಾನೇ. ಉಳಿದ ಮೂವರೂ ಗಟ್ಟಿಯಾಗಿದ್ದಾರೆ. ತಾನೊಬ್ಬಳೇ ಬೇರೆ ತಿಂದದ್ದು ಆ ಬಟ್ಟಲಿನ ಗಂಜಿ. ಅದರಲ್ಲಿ ಸೊಪ್ಪಿರಲಿಲ್ಲ. ಮೊಟ್ಟೆಯೂ ಇರಲಿಲ್ಲ.

ಆದರೂ ಅವಳು ತನ್ನನ್ನೇ ನಂಬಲಿಲ್ಲ. ಅವತ್ತು ಕೂಸಿಗೆ ಬೆಳಿಗ್ಗೆಯ ಗಂಜಿ ತಿನ್ನಿಸಿ, ಉಳಿದದ್ದನ್ನು ಎಂದಿನಂತೆ ಬೂದಿಯ ಮೇಲಿಟ್ಟಳು. ಮೂರಕ್ಕೆ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. ಮೇಲಿನ ಕೆನೆ ಪದರ ಸರಿಸಿ ಬೆರಳದ್ದಿ ಎತ್ತಿದಳು. ಗಂಜಿ ಸಣ್ಣ ಎಳೆಯಾಗಿ ಬೆರಳನ್ನು ಹಿಂಬಾಲಿಸಿತು. ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಹಾಕಿ ಇಡುತ್ತಿದ್ದುದೂ ಇದೇ ಜಾಗ, ಇದೇ ಬೂದಿ. ಹಾಲನ್ನು ಮೊಸರು ಮಾಡುವ ಬಿಸಿ ಗಂಜಿಯನ್ನು ಸುಮ್ಮನೆ ಬಿಟ್ಟೀತೇ? ತಣ್ಣಗಿನದು ಕೂಸಿಗೆ ಆಗದು ಎಂದು ತಾನು ಒಂದು ತಿಂಗಳು ದಿನಾ ಕಾವು ಕೊಟ್ಟು ಕಾಯ್ದದ್ದು ಇದನ್ನು.

ಅವಳು ಬಟ್ಟಲನ್ನು ಹಿತ್ತಲಿಗೆ ಒಯ್ದು ತಿಪ್ಪೆಯ ಮೇಲೆ ಚೆಲ್ಲಿದಳು. ಒಲೆ ಹಚ್ಚಿ, ಒಂದು ಹಿಡಿ ಹಿಟ್ಟಿನಲ್ಲಿ ಹೊಸ ಗಂಜಿ ಕಾಸಿ, ಆರಿಸಿ ತಿನ್ನಿಸಿದಳು. ಗುಬ್ಬಿ ಬಾಯಿ ತೆರೆದು ಇನ್ನೊಂದು ತುತ್ತಿಗೆ ಕಾಯಿತು.

ಸಂಜೆ ಸೊಸೆ ಬಂದಳು. ಹೇಳಬಹುದಿತ್ತು. ಆದರೆ "ನಾಲ್ಕರಲ್ಲಿ ಉಳಿದಿದ್ದು ಎರಡು" ಎಂದ ಬಾಯಿ ಅದು. ಅದರ ಮುಂದೆ ಹೋಗಿ, ಇದೂ ನನ್ನ ಕೈಯಿಂದಲೇ ಎನ್ನುವುದು ಹೇಗೆ? ತಪ್ಪು ತಿದ್ದಿಯಾಯಿತಲ್ಲ, ಇನ್ನು ಕೂಸು ಸರಿಹೋಗುತ್ತದೆ, ಬೇಕಾದ್ದು ಅದೇ ತಾನೇ. ಸೌಟಮ್ಮ ಒಲೆಯ ಪಕ್ಕದ ಬೂದಿಯನ್ನೆಲ್ಲ ಗುಡಿಸಿ ತೆಗೆದಳು. ಕೈಯನ್ನು ಸೋಪು ಹಾಕಿ ತೊಳೆದಳು, ಯಾರೂ ನೋಡದಿದ್ದಾಗ.

"ಸೌದೆ ಯಾಕೆ ಇಷ್ಟು ಖರ್ಚಾಗ್ತಿದೆ?" ಎಂದು ಮುದುಕ ಕೇಳಿದ್ದಕ್ಕೆ, "ಹಸಿ ಸೌದೆ, ಉರೀತಿಲ್ಲ," ಎಂದಳು.

ಐದನೇ ದಿನಕ್ಕೆ ಭೇದಿ ನಿಂತಿತು. ಏಳನೇ ದಿನ ಗುಬ್ಬಿ ಹೊಸ್ತಿಲು ದಾಟಿ ಕೋಳಿಯ ಹಿಂದೆ ತೆವಳಿತು. ಮುದುಕ ತೊಡೆ ತಟ್ಟಿ ನಕ್ಕ.

"ನೋಡಿದ್ಯಾ? ಸೊಪ್ಪು ಬಿಟ್ಟಿದ್ದೇ ತಡ. ನಾನು ಹೇಳಲಿಲ್ವಾ? ವಯಸ್ಸಾದವರ ಮಾತು ಯಾರಿಗೆ ಬೇಕು!"

"ಹೌದಪ್ಪ," ಎಂದ ಮಗ. ಹೆಂಡತಿಯ ಕಡೆ ನೋಡದೆ ಹೇಳಿದ: "ಒಪ್ಪಂದ ಒಪ್ಪಂದವೇ. ನಾಳೆ ರಜ, ಕಿತ್ತುಬಿಡ್ತೀನಿ."

ಸೌಟಮ್ಮನಿಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು. ತಾನು ಗುಟ್ಟಾಗಿ ಮಾಡಿದ ಒಳ್ಳೆಯ ಕೆಲಸವೇ ಸೊಸೆಯ ಪಾತಿಯ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು.

"ಅವಸರ ಏನು," ಎಂದಳು. "ಇನ್ನೊಂದು ವಾರ ನೋಡೋಣ."

"ನೀನೇ ತಾನೇ ಹಿಡಿಸ್ತಿಲ್ಲ ಅಂದಿದ್ದು?" ಎಂದ ಮುದುಕ.

ಸೌಟಮ್ಮ ಕೂಸನ್ನು ಎತ್ತಿಕೊಂಡು ಒಲೆಯ ಕಡೆ ನಡೆದಳು.

ಮಾರನೆಯ ದಿನ ಅಪ್ಪ ಮಗ ಇಬ್ಬರೂ ಸೇರಿ ಗುದ್ದಲಿ ಹಿಡಿದರು. ಮಧ್ಯಾಹ್ನದೊಳಗೆ ಅರ್ಧ ಪಾತಿ ಮಗುಚಿತು. ಉಳಿದರ್ಧವನ್ನು ಮುಂದಿನ ರಜೆಗೆ ಬಿಟ್ಟರು. ಸೊಸೆ ಅಳಲಿಲ್ಲ, ಜಗಳವಾಡಲಿಲ್ಲ. ಕಿತ್ತ ಸೊಪ್ಪನ್ನೆಲ್ಲ ಬೇರಿನ ಮಣ್ಣು ಕೊಡವಿ ಕಟ್ಟು ಕಟ್ಟಿ, ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬಂದಳು. ಸೌಟಮ್ಮ ನೀರಿನ ಚೊಂಬು ಮುಂದೆ ಹಿಡಿದಾಗ ಒಂದೇ ಮಾತು ಹೇಳಿದಳು.

"ಹೋಗಲಿ ಬಿಡಿ ಅತ್ತೆ. ನಾನೇ ನನ್ನ ಕೂಸಿನ ಹೊಟ್ಟೆ ಕೆಡಿಸಿದೆ ಅಂತಾಯ್ತು. ಈಗ ನಗ್ತಿದೆಯಲ್ಲ, ಸಾಕು."

ಸೌಟಮ್ಮ ಚೊಂಬನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಅದಾಗಿ ಎರಡು ದಿನಕ್ಕೆ ನಲ್ಲಿಯ ಹತ್ತಿರ ದರ್ಜಿಯ ಹೆಂಡತಿ ಸಿಕ್ಕಳು. ಬಕೆಟ್ಟಿನ ತುಂಬ ಕೂಸಿನ ಬಟ್ಟೆ. "ದೊಡ್ಡಮ್ಮ, ಗುಂಡನಿಗೂ ಹೊಟ್ಟೆ ಕೆಟ್ಟಿದೆ. ನಾಲ್ಕು ದಿನವಾಯ್ತು."

ನಲ್ಲಿಯ ಸುತ್ತ ಆರು ಜನ ಹೆಂಗಸರು. ಎಲ್ಲರ ಕಿವಿಯೂ ಇತ್ತಲೇ. ಸೌಟಮ್ಮನ ಬಾಯಿಂದ ಹೊರಟ ಮಾತು ಬೇರೆಯೇ ಆಗಿತ್ತು: "ಹಲ್ಲು ಬರ್ತಿರಬೇಕು ಕಣೇ." ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದಳು. ಸಂಜೆ ಅವಳ ಮನೆಗೇ ಹೋಗಿ ಒಬ್ಬಳೇ ಇದ್ದಾಗ ಹೇಳಿದರಾಯಿತು ಎಂದುಕೊಂಡಳು. ಸಂಜೆ ಹೋದಳು ಕೂಡ. ಆದರೆ ದರ್ಜಿಯ ಅಂಗಡಿಯಲ್ಲಿ ಗಿರಾಕಿಗಳಿದ್ದರು, ಬಾಗಿಲಿಂದಲೇ ತಿರುಗಿದಳು. ನಾಳೆ ಎಂದುಕೊಂಡಳು. ನಾಳೆಗೂ ಒಂದು ನೆಪ ಸಿಕ್ಕಿತು.

ಮತ್ತೆ ತಕ್ಕಡಿಯ ದಿನ ಬಂತು.

"ಏಳು ಕಿಲೋ ನೂರು ಗ್ರಾಂ," ಎಂದಳು ನರ್ಸಮ್ಮ. "ಏರಿದೆ. ಸ್ವಲ್ಪವೇ, ಆದರೂ ಏರಿದೆ. ಆದರೆ ಕಳೆದುಕೊಂಡಿದ್ದು ವಾಪಸ್ ಬಂತು ಅಷ್ಟೇ. ಮೊಟ್ಟೆ, ಸೊಪ್ಪು ಕೊಡ್ತಿದ್ದೀರ ತಾನೇ?"

"ನಿಲ್ಲಿಸಿದ್ದೀವಿ," ಎಂದಳು ಸೊಸೆ. "ಅದನ್ನು ನಿಲ್ಲಿಸಿದ ಮೇಲೇ ಭೇದಿ ನಿಂತಿದ್ದು."

ನರ್ಸಮ್ಮ ಹಣೆ ಗಂಟಿಕ್ಕಿದಳು. "ಹಾಗಾಗಬಾರದಲ್ಲ." ಮುಂದೆ ಏನೋ ಕೇಳಲಿದ್ದಳು, ಅಷ್ಟರಲ್ಲಿ ದರ್ಜಿಯ ಹೆಂಡತಿ ಗುಂಡನನ್ನು ಮುಂದಿಟ್ಟಳು.

ಸೌಟಮ್ಮ ನೋಡಿದಳು. ತೊಡೆಯ ಮೂರು ಮಡಿಕೆ ಎಲ್ಲಿ ಹೋದವೋ. ಕಣ್ಣು ಗುಳಿ ಬಿದ್ದಿತ್ತು, ತಲೆ ತಾಯಿಯ ತೋಳಿನ ಮೇಲೆ ಜೋತುಬಿದ್ದಿತ್ತು. ನರ್ಸಮ್ಮ ಹೊಟ್ಟೆಯ ಚರ್ಮ ಮೆಲ್ಲಗೆ ಚಿವುಟಿ ಬಿಟ್ಟಳು. ಮಡಿಕೆ ಬಿಚ್ಚಿಕೊಳ್ಳುವುದಕ್ಕೆ ತಡಮಾಡಿತು.

"ಎಷ್ಟು ದಿನದಿಂದಮ್ಮ? ಯಾಕೆ ಹೇಳಿ ಕಳಿಸಲಿಲ್ಲ? ಮಧ್ಯಾಹ್ನ ಏನು ತಿನ್ನಿಸ್ತೀಯ?"

"ಗಂಜಿ."

"ಬೆಳಿಗ್ಗೆ ಮಾಡಿದ್ದನ್ನು ಇಟ್ಟು ಕೊಡ್ತೀಯಾ?"

ದರ್ಜಿಯ ಹೆಂಡತಿ ಸುತ್ತ ನೋಡಿದಳು. ಇಷ್ಟು ಜನರ ಮುಂದೆ ಸೋಮಾರಿ ತಾಯಿ ಎನ್ನಿಸಿಕೊಳ್ಳುವ ಧೈರ್ಯ ಯಾರಿಗಿರುತ್ತದೆ? "ಇಲ್ಲ ನರ್ಸಮ್ಮ. ಆಗಿಂದಾಗ ಬಿಸಿಯಾಗಿ ಮಾಡಿ ಕೊಡ್ತೀನಿ."

"ಹಾಗಾದರೆ ನೀರೇ ಇರಬೇಕು," ಎಂದು ನರ್ಸಮ್ಮ ಪುಸ್ತಕದಲ್ಲಿ ಬರೆಯತೊಡಗಿದಳು.

"ನೀರಲ್ಲ," ಎಂದಳು ಸೌಟಮ್ಮ.

ದನಿ ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಜಗುಲಿಯಲ್ಲಿದ್ದವರೆಲ್ಲ ತಿರುಗಿದರು.

"ಅವಳು ಸುಳ್ಳು ಹೇಳ್ತಿದ್ದಾಳೆ, ಪಾಪ, ಹೆದರಿ. ಬೆಳಿಗ್ಗೆಯ ಗಂಜಿ ಬಿಸಿ ಬೂದಿ ಮೇಲಿಟ್ಟು ಮೂರು ಗಂಟೆಗೆ ಕೊಡ್ತಾಳೆ. ಹಾಗೆ ಮಾಡು ಅಂತ ಹೇಳಿದ್ದು ನಾನು. ನನ್ನ ಮನೇಲೂ ಹಾಗೇ ಮಾಡ್ತಿದ್ದೆ. ಅದು ಅಲ್ಲೇ ಹಳಸುತ್ತೆ. ನಾನು ತಿಂದು ನೋಡಿದ್ದೀನಿ, ಗೋಡೆ ಹಿಡಿದು ನಡೆದಿದ್ದೀನಿ. ಇನ್ಯಾರ್ಯಾರಿಗೆ ಹೇಳಿದ್ದೀನೋ ಎಲ್ಲರೂ ಕೇಳಿ, ಇವತ್ತಿಂದ ಬಿಟ್ಟುಬಿಡಿ. ಸೌದೆ ಹೋದರೆ ಹೋಗಲಿ, ಹೊಸದಾಗಿ ಕಾಸಿ."

ಹಿಂದಿನ ಸಾಲಿನಲ್ಲಿ ಒಬ್ಬಳು ಮೆಲ್ಲಗೆ, "ನಾನೂ ಹಾಗೇ ಇಡ್ತಿದ್ದೆ," ಎಂದಳು. ಇನ್ನೊಬ್ಬಳು ತಲೆ ತಗ್ಗಿಸಿದಳು. ದರ್ಜಿಯ ಹೆಂಡತಿ ಮಗನನ್ನು ಎದೆಗೊತ್ತಿಕೊಂಡು ಬಿಕ್ಕಿದಳು. "ದೊಡ್ಡಮ್ಮ, ಆವತ್ತು ನಲ್ಲಿ ಹತ್ತಿರ ಹಲ್ಲು ಅಂದ್ರಲ್ಲ!"

"ಅಂದೆ," ಎಂದಳು ಸೌಟಮ್ಮ. "ಆಗಲೇ ಗೊತ್ತಿತ್ತು. ಅಂದುಬಿಟ್ಟೆ."

ನರ್ಸಮ್ಮ ಗುಂಡನಿಗೆ ಚಮಚ ಚಮಚವಾಗಿ ಪುಡಿನೀರು ಕುಡಿಸತೊಡಗಿ, ಪೇಟೆಯ ಗಾಡಿ ಹೊರಡದಂತೆ ತಡೆಯಲು ಯಾರನ್ನೋ ಓಡಿಸಿದಳು. ಗುಂಡ ಆ ಗಾಡಿಯಲ್ಲೇ ತಾಯಿಯ ಜೊತೆ ಆಸ್ಪತ್ರೆಗೆ ಹೋದ.

ಸೊಸೆ ಮನೆಯ ಅಂಗಳಕ್ಕೆ ಬಂದು, ಕೂಸನ್ನು ಕೆಳಗಿಳಿಸಿ, ತಿರುಗಿ ನಿಂತಳು. ಜಗುಲಿಯಲ್ಲಿ ಮುದುಕನಿದ್ದ, ಮಗ ಸೈಕಲ್ಲಿನ ಗಾಲಿಗೆ ಗಾಳಿ ಹೊಡೆಯುತ್ತಿದ್ದ.

"ಯಾವತ್ತು ಗೊತ್ತಾಯ್ತು ಅತ್ತೆ?"

"ಹನ್ನೊಂದು ದಿನವಾಯ್ತು."

"ಪಾತಿ ಕಿತ್ತು ಆರು ದಿನ."

"ಹೌದು."

"ನಾನು ಸೊಪ್ಪು ಕಟ್ಟು ಕಟ್ಟುವಾಗ ನೀವು ನೀರು ತಂದುಕೊಟ್ರಿ. ನಾನೇ ಕೂಸಿನ ಹೊಟ್ಟೆ ಕೆಡಿಸಿದೆ ಅಂತ ನನ್ನ ಬಾಯಿಂದ ಹೇಳಿಸಿಕೊಂಡು ಒಳಗೆ ಹೋದ್ರಿ."

"ಏನೇ ಇದು? ಏನಾಯ್ತು?" ಎಂದ ಮುದುಕ.

"ಸೊಪ್ಪಿನದಲ್ಲ ತಪ್ಪು, ನನ್ನದು," ಎಂದಳು ಸೌಟಮ್ಮ. ಶಾಲೆಯ ಜಗುಲಿಯಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದಳು. ಎರಡನೇ ಸಲ ಹೇಳುವುದು ಸುಲಭವಾದೀತು ಎಂದುಕೊಂಡಿದ್ದಳು. ಆಗಲಿಲ್ಲ.

ಮಗ ಪಂಪು ಕೆಳಗಿಟ್ಟ. ಮುದುಕ ಹೇಳಿದ: "ಆದರೂ ಹಸುವಿಗೆ ಹುಲ್ಲು..."

"ಹಸುವಿಗೆ ಹುಲ್ಲು ಕೆರೆ ಏರಿ ಮೇಲೆ ಬೇಕಾದಷ್ಟಿದೆ," ಎಂದಳು ಸೌಟಮ್ಮ. "ಕುಡುಗೋಲು ತಗೊಂಡು ಹೋಗಿ ಕೊಯ್ದು ತನ್ನಿ. ಜಗುಲಿ ಓಡಿಹೋಗಲ್ಲ."

"ಮಾತು ತಿರುಗಿಸಬೇಡಿ," ಎಂದಳು ಸೊಸೆ. "ನಾಳೆಯಿಂದ ಕೂಸಿನ ಊಟ ನಾನೇ ನೋಡ್ಕೊಳ್ತೀನಿ. ಯಾರೂ ಮುಟ್ಟೋದು ಬೇಡ."

"ಕೆಲಸ?" ಎಂದ ಮಗ. "ಈಗ ಗುಂಪು ಬಿಟ್ಟರೆ ಈ ಬೆಳೆ ಮುಗಿಯೋವರೆಗೆ ಮತ್ತೆ ಸೇರಿಸ್ಕೊಳ್ಳಲ್ಲ."

"ಸೇರಿಸ್ಕೊಳ್ಳದಿದ್ದರೆ ಬಿಡಲಿ. ನನಗೆ ಕೂಸು ಬೇಕು."

ಸೌಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಿಡೋದು ಯಾಕೆ? ಹೊಲದಲ್ಲಿ ನಿನ್ನ ಸಾಲು ನಾನು ಹಿಡೀತೀನಿ."

"ನೀನಾ? ಸೊಂಟ ಬಗ್ಗುತ್ತಾ?" ಎಂದ ಮುದುಕ.

"ಒಲೆ ಮುಂದೆ ಮೂವತ್ತು ವರ್ಷ ಬಗ್ಗಿದ್ದೇ ಬಗ್ಗಿದ್ದು, ಆಗ ಯಾರೂ ಕೇಳಲಿಲ್ಲ."

ಮಾರನೆಯ ಬೆಳಿಗ್ಗೆ ಏಳಕ್ಕೆ ಅವಳು ಕಳೆಗುದ್ದಲಿ ಹೆಗಲಿಗೇರಿಸಿ ಹೊರಟಳು. ಹೊಲದಲ್ಲಿ ಹನ್ನೆರಡು ಹೆಂಗಸರು, ಅರ್ಧಕ್ಕರ್ಧ ಅವಳ ಮಗಳ ವಯಸ್ಸಿನವರು. ಊರಿಗೆಲ್ಲ ಸುದ್ದಿ ಗೊತ್ತಾಗಿತ್ತು.

"ಏನ್ ಸೌಟಮ್ಮ, ಇಲ್ಲಿ ಯಾರಿಗೆ ಬಡಿಸೋಕೆ ಬಂದ್ರಿ?"

"ನಿನಗೇ. ಬಾಯಿ ದೊಡ್ಡದಾಗಿ ತೆಗಿ, ಒಂದು ಹಿಡಿ ಕಳೆ ತುರುಕ್ತೀನಿ."

ಮೊದಲ ದಿನ ಅವಳ ಸಾಲು ಉಳಿದವರಿಗಿಂತ ಹತ್ತು ಮಾರು ಹಿಂದೆ ಬಿತ್ತು. ಮೂರನೇ ದಿನ ಅಂಗೈಯ ಬೊಬ್ಬೆ ಒಡೆಯಿತು. ಸಂಜೆ ಮನೆಗೆ ಬಂದರೆ ಸೊಸೆ ತಟ್ಟೆ ಹಾಕುತ್ತಿದ್ದಳು, ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಉಪ್ಪು ಬೇಕೇ ಎಂದು ಕೂಡ ಕೇಳುತ್ತಿರಲಿಲ್ಲ. ಮುದುಕ ಕೆರೆ ಏರಿಯಿಂದ ಹುಲ್ಲಿನ ಹೊರೆ ತಂದು ಧೊಪ್ಪನೆ ಹಾಕಿ, ಅದನ್ನು ಯಾರೂ ಗಮನಿಸಲಿಲ್ಲವೆಂದು ಮತ್ತೊಮ್ಮೆ ಎತ್ತಿ ಹಾಕುತ್ತಿದ್ದ. ಮಗ ಮಗುಚಿದ ಅರ್ಧ ಪಾತಿಯನ್ನು ಹದ ಮಾಡಿ, ಯಾರೂ ಹೇಳದೆಯೇ ಬೀಜ ತಂದ. ಸೊಸೆ ಅದನ್ನು ತಗೊಂಡಳು. ಅವನ ಜೊತೆ ಅವಳು ಮಾತಾಡಿದ್ದು ಮೂರನೇ ದಿನ.

ದಿನಾ ಬೆಳಿಗ್ಗೆ ಹೊಲಕ್ಕೆ ಹೋಗುವ ದಾರಿಯಲ್ಲಿ ಸೌಟಮ್ಮ ದರ್ಜಿಯ ಅಂಗಡಿ ಮುಂದೆ ನಿಲ್ಲುತ್ತಿದ್ದಳು. ದರ್ಜಿ ಮೊದಲೆರಡು ದಿನ ಮಿಷನ್ನಿನಿಂದ ತಲೆ ಎತ್ತಲಿಲ್ಲ. ಮೂರನೇ ದಿನ, "ಹಾಲು ಕುಡೀತಿದ್ದಾನಂತೆ," ಎಂದ. ಒಂಬತ್ತನೇ ದಿನ, "ನಾಡಿದ್ದು ಕರ್ಕೊಂಡು ಬರ್ತೀವಿ," ಎಂದ. ಆ ದಿನ ಅವಳ ಸಾಲು ಯಾರಿಗಿಂತಲೂ ಹಿಂದೆ ಬೀಳಲಿಲ್ಲ.

ಮತ್ತೆ ತಕ್ಕಡಿಯ ದಿನ. ಸೌಟಮ್ಮ ಶಾಲೆಯ ಜಗುಲಿಗೆ ಹೋಗಲಿಲ್ಲ, ಯಾರೂ ಕರೆದಿರಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಗುದ್ದಲಿ ಹಾಕಿದ ಕಡೆಯೆಲ್ಲ ಕಳೆಯೋ ಬೆಳೆಯೋ ಕಾಣದಷ್ಟು ಅವಳ ಗಮನ ದಾರಿಯ ಮೇಲಿತ್ತು. "ಸೌಟಮ್ಮ, ಅದು ಬೆಳೆ!" ಎಂದು ಪಕ್ಕದವಳು ಎರಡು ಸಲ ಕೂಗಿದಳು.

ಬದುವಿನ ಕೊನೆಯಲ್ಲಿ ಸೊಸೆ ಕಾಣಿಸಿದಳು. ಸೊಂಟದ ಮೇಲೆ ಗುಬ್ಬಿ. ಅಷ್ಟು ದೂರದಿಂದ ಮುಖ ಕಾಣಿಸುತ್ತಿರಲಿಲ್ಲ. ಸೌಟಮ್ಮ ಗುದ್ದಲಿ ಊರಿ ನಿಂತಳು.

"ಏಳೂವರೆ!" ಎಂದು ಸೊಸೆ ಬದುವಿನಿಂದಲೇ ಕೂಗಿದಳು.

"ಆಂ?"

"ಏಳೂವರೆ ಕಿಲೋ! ಹದಿನೈದು ದಿನಕ್ಕೆ ನಾನೂರು ಗ್ರಾಂ! ಹಳದಿ ಪಟ್ಟೆ!"

ಹನ್ನೆರಡು ಹೆಂಗಸರೂ ಸೊಂಟ ನೆಟ್ಟಗೆ ಮಾಡಿದರು. ಸೊಸೆ ಸಾಲುಗಳ ನಡುವೆ ನಡೆದು ಬಂದು ಎದುರಿಗೆ ನಿಂತಳು. ಅತ್ತೆಯ ಅಂಗೈ ನೋಡಿದಳು. ಕೂಸನ್ನು ಅತ್ತೆಯ ತೋಳಿಗೆ ಕೊಟ್ಟು, ಅವಳ ಕೈಯ ಗುದ್ದಲಿ ತಾನು ತಗೊಂಡಳು.

"ಸಂಜೆವರೆಗೆ ಸಾಲು ನಾನು ಹಿಡೀತೀನಿ. ಮೂರು ಗಂಟೆಗೆ ಗುಬ್ಬಿಗೆ ಊಟ ಆಗಬೇಕು. ನೀವು ಮನೆಗೆ ಹೋಗಿ."

ಸೌಟಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಗುಬ್ಬಿ ಅವಳ ಕಿವಿಯೋಲೆ ಹಿಡಿದು ಎಳೆಯಿತು, ಎಳೆತದಲ್ಲಿ ಬಲವಿತ್ತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಕೈ ತೊಳ್ಕೊಳ್ಳಿ ಅತ್ತೆ!"

"ಗೊತ್ತು ಕಣೇ, ಗೊತ್ತು," ಎಂದು ಮುಂದೆ ನಡೆದಳು. ಬದುವಿನ ಹತ್ತಿರ ಹೋದವಳು ನಿಂತಳು. ಆ ಮನೆಗೆ ಬಂದಂದಿನಿಂದ ಅಡುಗೆಯ ವಿಷಯಕ್ಕೆ ಯಾರನ್ನೂ ಏನನ್ನೂ ಕೇಳಿದವಳಲ್ಲ. ಹನ್ನೆರಡು ಜನ ಕೇಳಿಸಿಕೊಳ್ಳುವ ಹಾಗೆ ತಿರುಗಿ ಕೂಗಿದಳು:

"ಹಿಟ್ಟು ಎಷ್ಟು ಹಾಕಲೇ?"

ಸೊಸೆ ಬಗ್ಗಿದವಳು ತಲೆಯೆತ್ತಿದಳು.

"ಎರಡು ಹಿಡಿ," ಎಂದಳು. "ನಿಮ್ಮ ಹಿಡಿ ಅಲ್ಲ. ನನ್ನ ಹಿಡಿ."